ಹಲಗೆಯ ನಡುವಿನ ದಪ್ಪ

ನಮ್ಮ ಸರ್ ಅವರ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಅಂಟು ಕಲಸಿ, ಒಣಗಿದ್ದನ್ನು ಬ್ಲೇಡಿನಿಂದ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಬೆರಳ ತುದಿ ಹುಣಸೆ ಬೀಜದ ಹಾಗೆ ನುಣುಪಾಗಿತ್ತು. ಕಾಲೇಜಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಇವರನ್ನು ಗುರುತಿಸಲಿಲ್ಲ. ಒತ್ತಿದರು, ಅಂಗಿಗೆ ಒರೆಸಿಕೊಂಡು ಮತ್ತೆ ಒತ್ತಿದರು. ಕೊನೆಗೆ ಗುಮಾಸ್ತರ ಕಡೆ ತಿರುಗಿ, "ಇದರ ಪ್ರಕಾರ ನಾ ಹುಟ್ಟೇ ಇಲ್ರಿ" ಅಂದರು. ಗುಮಾಸ್ತರು ನಕ್ಕು ಸಹಿಯ ಪುಸ್ತಕ ಮುಂದಿಟ್ಟರು.

ನಾನು ಹರಿಹರದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವಳು. ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದೆ. ಸರ್ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಪ್ರೊಫೆಸರು, ನನ್ನ ಗೈಡು. ಶನಿವಾರ ನಮ್ಮವರಿಗೂ ಮಕ್ಕಳಿಗೂ ಅಡುಗೆ ಮುಚ್ಚಿಟ್ಟು ಬಸ್ಸು ಹತ್ತುತ್ತಿದ್ದೆ. ಲ್ಯಾಬಿಗೆ ಹೋದರೆ ಸರ್ ಮೊದಲು ಕೇಳುತ್ತಿದ್ದುದು ಕೆಲಸದ ಮಾತಲ್ಲ, ಉಂಡಿದ್ದೀಯೋ ಇಲ್ಲವೋ ಅಂತ.

ಅವರ ಸಂಶೋಧನೆ ಪುಂಡಿ ನಾರಿನ ಮೇಲೆ. ನಾವು ಸೊಪ್ಪು ತಿನ್ನುವ ಪುಂಡಿಯೇ. ಬಲಿತ ಕಡ್ಡಿಯನ್ನು ನೀರಿನಲ್ಲಿ ಕೊಳೆಹಾಕಿದರೆ ನಾರು ಬಿಡುತ್ತದೆ. ಆ ನಾರನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ಕೂರಿಸಿ ಗಟ್ಟಿ ಹಲಗೆ ಮಾಡುವುದು, ಅದರಿಂದ ಪಟ್ಟಿ ಕತ್ತರಿಸಿ ಯಂತ್ರಕ್ಕೆ ಕೊಟ್ಟು, ಎಷ್ಟು ಭಾರಕ್ಕೆ ಬಾಗಿ ಮುರಿಯುತ್ತದೆ ಎಂದು ನೋಡುವುದು. ಸಾರಥಿ ಎಂಬ ಊರಿನ ರೈತರೊಬ್ಬರು ನಾರಿನ ಕಟ್ಟು ಕೊಡುತ್ತಿದ್ದರು. ನಾನು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ. ಪಕ್ಕದವರು ಹಗ್ಗ ಹೊಸೆಯುತ್ತೀರೇನು ಎಂದು ಕೇಳಿದರೆ ಹೌದು ಅನ್ನುವುದೇ ಸಲೀಸು.

ಹಲಗೆ ಅಂಟಿಕೊಳ್ಳದಂತೆ ಅಚ್ಚಿಗೆ ಸವರುವ ಮೇಣವನ್ನು ಸರ್ ತಾವೇ ಮಂಡಿಪೇಟೆಗೆ ಹೋಗಿ, ಮೂಸಿ ನೋಡಿ ತರುತ್ತಿದ್ದರು. ನಾನು ಅಂಟನ್ನು ಜೋರಾಗಿ ತಿರುವಿದರೆ ಗುಳ್ಳೆ ಏಳುತ್ತದೆಂದು ಬೈಯುತ್ತಿದ್ದರು. "ಮಜ್ಜಿಗೆ ಕಡದಂಗೆ ಬ್ಯಾಡ ತಂಗಿ, ಕೂಸಿಗೆ ರಾಗಿಸರಿ ಕಲಸ್ತೀಯಲ್ಲ, ಹಂಗೆ." ಪಟ್ಟಿ ಮುರಿದ ಮೇಲೆ ಯಂತ್ರದ ಅಂಕಿ ನೋಡುವ ಮೊದಲು ಮುರಿದ ಬಾಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಾರು ಹರಿದಿದೆಯೋ, ಅಂಟಿನಿಂದ ಕಳಚಿ ಬಂದಿದೆಯೋ ಅದರಲ್ಲಿ ತಿಳಿಯುತ್ತದೆ. "ಭಾರಾನ ನಾರು ಹೊರತೈತೆ, ಅಂಟು ಹಂಚತೈತೆ. ಯಾವುದು ಕೈ ಬಿಟ್ಟಿತು ಅಂತ ಮೊದಲು ಕೇಳು" ಅನ್ನುತ್ತಿದ್ದರು.

ಸರ್ ಅವರಿಗೆ ಹೆಸರು ತಂದದ್ದು ಹಿಂದೆ ಅವರು ಪ್ರಕಟಿಸಿದ ಒಂದು ಲೇಖನ. ಪುಂಡಿ ಹಲಗೆ ಬಾಗುವಾಗ ಎಷ್ಟು ತಡೆಯುತ್ತದೆ ಎಂಬ ಅಂಕಿ ಅದರಲ್ಲಿತ್ತು. ಆಮೇಲೆ ಪುಂಡಿಯ ಬಗ್ಗೆ ಬರೆದವರೆಲ್ಲ ಅದನ್ನೇ ಎತ್ತಿಕೊಂಡರು. ನನ್ನ ಹಲಗೆ ಮಾತ್ರ ಆ ಅಂಕಿಯ ಹತ್ತಿರಕ್ಕೂ ಹೋಗಲಿಲ್ಲ. ನಾರು ಬದಲಿಸಿದೆ, ಒಣಗಿಸುವುದನ್ನು ಬದಲಿಸಿದೆ. ಮತ್ತೆ ಅಷ್ಟೇ ಕಮ್ಮಿ. ಪ್ರಬಂಧ ಒಪ್ಪಿಸುವ ಗಡುವು ಹತ್ತಿರ ಬಂದಿತ್ತು, ಇನ್ನೊಮ್ಮೆ ಮುಂದೂಡುವುದಿಲ್ಲ ಎಂದು ವಿಶ್ವವಿದ್ಯಾಲಯದವರು ಹೇಳಿದ್ದರು. ಆ ವರ್ಷ ಹೋದರೆ ಮಾಡಿದ್ದೆಲ್ಲ ಹೋದಂತೆ. ಜೊತೆಯ ಮೇಷ್ಟ್ರೊಬ್ಬರು ಚಹಾ ಕುಡಿಯುತ್ತ, "ಗೈಡಿನ ನಂಬರಿಗಿಂತ ಕಮ್ಮಿ ತೋರಿಸಿದ್ರೆ ಯಾವ ಪರೀಕ್ಷಕ ಒಪ್ತಾನ್ರೀ ಮೇಡಂ? ಒಂಚೂರು ಎತ್ತಿ ಬರೀರಿ" ಅಂದರು.

ಅದನ್ನು ಸರ್‌ಗೆ ಹೇಳಿದೆ. ಆಗಲೇ ಅವರಿಗೆ ಡಯಾಲಿಸಿಸ್ ನಡೆಯುತ್ತಿತ್ತು. ತೋಳಿನ ಸೂಜಿ ಗುರುತು ಕಾಣದಿರಲೆಂದು ಬಿಸಿಲಲ್ಲೂ ತುಂಬುತೋಳಿನ ಅಂಗಿ. ಮುಂದಿನ ಶನಿವಾರ, ಆ ಹಳೇ ಲೇಖನಕ್ಕೆ ಕತ್ತರಿಸಿ ಉಳಿದಿದ್ದ ಪಟ್ಟಿಗಳನ್ನು ಮನೆಯ ಅಟ್ಟದಿಂದ ಇಳಿಸಿಕೊಂಡು ಬಂದರು. ಮೈಕ್ರೋಮೀಟರಿನಲ್ಲಿ ಒಂದರ ತುದಿ ಅಳೆದರು. ಲೇಖನದಲ್ಲಿ ಬರೆದಷ್ಟೇ ದಪ್ಪ. ಹಾಗೇ ನಡುವಿಗೆ ಸರಿಸಿದರು. ನೋಡಿದರು, ಕನ್ನಡಕ ತೆಗೆದು ಒರೆಸಿದರು, "ನೀ ಓದು" ಅಂತ ನನ್ನ ಕೈಗೆ ಕೊಟ್ಟರು. ನಡುವೆ ದಪ್ಪ ಹೆಚ್ಚಿತ್ತು. ಎಲ್ಲ ಪಟ್ಟಿಗಳಲ್ಲೂ ಹೆಚ್ಚಿತ್ತು.

ಆ ಕಾಲದಲ್ಲಿ ಒತ್ತುಯಂತ್ರ ಇರಲಿಲ್ಲ. ಎರಡು ತಗಡಿನ ನಡುವೆ ಅಂಟು ಸುರಿದು ನಾಲ್ಕೂ ಅಂಚಿಗೆ ಬೋಲ್ಟು ಬಿಗಿಯುತ್ತಿದ್ದರು. ಅಂಚು ಬಿಗಿದಷ್ಟೂ ತಗಡು ನಡುವೆ ಉಬ್ಬುತ್ತದೆ, ಹಲಗೆಯೂ ಉಬ್ಬುತ್ತದೆ. ಬಾಗುವ ಪರೀಕ್ಷೆಯಲ್ಲಿ ಭಾರ ಬೀಳುವುದು ನಡುವಿಗೆ. ಲೆಕ್ಕದಲ್ಲಿ ದಪ್ಪವನ್ನು ದಪ್ಪದಿಂದಲೇ ಗುಣಿಸಿ, ಬಂದದ್ದರಿಂದ ಭಾರವನ್ನು ಭಾಗಿಸಬೇಕು, ಹಾಗಾಗಿ ಕೂದಲೆಳೆಯ ತಪ್ಪೂ ಬೆಳೆಯುತ್ತದೆ. ಹಲಗೆ ದಪ್ಪಗಿದ್ದದ್ದಕ್ಕೆ ತಡೆದಿತ್ತು. ಇವರು ಅದನ್ನು ನಾರಿನ ಶಕ್ತಿ ಎಂದು ಬರೆದಿದ್ದರು.

"ತುದಿ ಅಳೆದು ನಡು ಮುರಿದೀನಿ" ಅಂದರು ಸರ್. ಫ್ಯಾನು ತಿರುಗುತ್ತಿತ್ತು. ನಾನು ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿಟ್ಟೆ, ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಲೇಖನ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿ ಕಳಿಸುತ್ತೇನೆ ಎಂದರು. ನಿವೃತ್ತಿಯ ಹೊತ್ತಿಗೆ, ಈ ಆರೋಗ್ಯದಲ್ಲಿ, ಈಗ ಯಾಕೆ ಸರ್ ಅಂದೆ.

"ನಿನ್ನ ನಂಬರ್ ನಿಲ್ಬೇಕಂದ್ರೆ ನಂದು ಇಳೀಬೇಕು. ಆದ್ರೆ ಒಂದು ಮಾತು. ವೈವಾದಲ್ಲಿ ಪರೀಕ್ಷಕರು ಇದನ್ನ ಕೇಳೇ ಕೇಳ್ತಾರೆ. ನಮ್ಮ ಸರ್‌ದು ತಪ್ಪು ಅಂತ ನಿನ್ನ ಬಾಯಾಗೇ ಬರಬೇಕು. ಗೌರವ ಗಿವರವ ಅಂತ ಸುತ್ತಿ ಬಳಸಿ ಮಾತಾಡಬ್ಯಾಡ."

ತಲೆಯಾಡಿಸಿದೆ. ತಲೆಯಾಡಿಸುವುದಕ್ಕೇನು.

ತಿದ್ದುಪಡಿ ಅಚ್ಚಾಯಿತು. ಗಡುವಿನೊಳಗೆ ನಾನು ಪ್ರಬಂಧ ಒಪ್ಪಿಸಿದೆ. ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಫೋನು ಬಂತು. ಅಕ್ಕಿ ಆರಿಸುತ್ತಿದ್ದೆ. ಫೋನಿಟ್ಟು, ಮೊರದಲ್ಲಿದ್ದ ಅಕ್ಕಿ ಪೂರ್ತಿ ಆರಿಸಿ, ಡಬ್ಬಿಗೆ ತುಂಬಿ, ಸೀರೆ ಬದಲಿಸಿ ಹೊರಟೆ. ನಿಟ್ಟುವಳ್ಳಿಯಲ್ಲಿ ಸರ್ ಅವರ ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಅವರ ಪತ್ನಿಯ ಪಕ್ಕ ಕೂತಿದ್ದೆ. ಯಾರೋ ನೀರು ಕೊಟ್ಟರು, ಕುಡಿದೆ. ಸಂಜೆಯ ಬಸ್ಸಿಗೆ ಹರಿಹರಕ್ಕೆ ಬಂದು ಸಾರು ಬಿಸಿ ಮಾಡಿದೆ.

ವೈವಾದ ದಿನವೂ ಮೈ ಹಾಗೇ ಮರಗಟ್ಟಿತ್ತು. ಗೈಡಿನ ಕುರ್ಚಿಯಲ್ಲಿ ಇನ್ನೊಬ್ಬ ಪ್ರೊಫೆಸರು ಇದ್ದರು. ಸರ್ ಅವರ ಪತ್ನಿ ಬಂದು ಹಿಂದಿನ ಸಾಲಿನಲ್ಲಿ ಕೂತದ್ದು ಕಂಡಿತು. ಹೊರಗಿನಿಂದ ಬಂದ ಪರೀಕ್ಷಕರು ಆ ಪ್ರಶ್ನೆಯನ್ನೇ ಕೇಳಿದರು: ನಿಮ್ಮ ಅಂಕಿಗೂ ನಿಮ್ಮ ಗೈಡಿನ ಹಳೆಯ ಅಂಕಿಗೂ ಯಾಕೆ ಇಷ್ಟು ಅಂತರ?

"ಅದು ತಪ್ಪು, ಸರ್. ನಮ್ಮ ಗೈಡು ದಪ್ಪವನ್ನು ತುದಿಯಲ್ಲಿ ಅಳೆದಿದ್ದರು, ನಡುವೆ ಅಳೆಯಬೇಕಿತ್ತು" ಅಂದೆ. ತಿದ್ದುಪಡಿ ತೋರಿಸಿದೆ. ಅವರು ಓದಿ, ತಲೆಯಾಡಿಸಿ, ಮುಂದಿನ ಪ್ರಶ್ನೆಗೆ ಹೋದರು. ಅಷ್ಟೇ. ಪದವಿ ಸಿಕ್ಕಿತು.

ಹೊರಗೆ ವರಾಂಡದಲ್ಲಿ ಸರ್ ಅವರ ಪತ್ನಿ ನಿಂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ.

"ಆಸ್ಪತ್ರೆ ಮಂಚದ ಮೇಲೂ ಅವರಿಗೆ ನಿಂದೇ ಚಿಂತಿ. 'ನನ್ನ ಮೇಲಿನ ಮರ್ಯಾದಿಗೆ ತಡವರಿಸಿಬಿಡ್ತಾಳೆ' ಅಂತಿದ್ರು" ಅಂದರು. ಆಮೇಲೆ ಕೇಳಿದರು: "ಅವರು ಎದುರಿಗೆ ಕೂತಿದ್ರೂ ಹಿಂಗೇ ಹೇಳ್ತಿದ್ಯಾ?"

ಹೇಳುತ್ತಿದ್ದೆ ಅನ್ನಬಹುದಿತ್ತು. ಗೊತ್ತಿಲ್ಲ ಅಂದೆ.

ಅವರು ನನ್ನನ್ನೇ ನೋಡಿದರು. "ಇದನ್ನೂ ಸುತ್ತಿ ಬಳಸದೇ ಹೇಳಿದಿ" ಅಂದು, ನನ್ನ ಕೈಚೀಲವನ್ನು ತಾವೇ ಎತ್ತಿಕೊಂಡು, ಊಟಕ್ಕೆ ಮನೆಗೆ ನಡಿ ಎನ್ನುವಂತೆ ಮುಂದೆ ಹೊರಟರು.