ಲುವೀನಿಯಾ ಬಚ್ಚಿಟ್ಟ ಹೆಸರು

ಅಲಬಾಮಾದ ಆ ಊರಿನಲ್ಲಿ ನಮ್ಮ ಕರಿಯರಿರಲಿ, ಬಿಳಿಯರಿರಲಿ, ಅರ್ಧ ಜನ ಭೂಮಿಗೆ ಬಿದ್ದದ್ದು ಸೂಲಗಿತ್ತಿ ಹ್ಯಾಡ್ನೆಟ್ ಅಮ್ಮನ ಕೈಗೇ. ಆದರೂ ಆಕೆಯ ಹೆಸರು ಒಬ್ಬ ಬಿಳಿಯನಿಗೂ ಗೊತ್ತಿರಲಿಲ್ಲ. ಕೇಳಿದರೆ "ಎಲ್. ಹ್ಯಾಡ್ನೆಟ್" ಅನ್ನುತ್ತಿದ್ದಳು, ಅಲ್ಲಿಗೆ ಮುಗೀತು. ಹೆಸರು ಗೊತ್ತಾಯಿತೋ, ಮೀಸೆ ಮೂಡದ ಬಿಳಿ ಪೋರನೂ ಅರವತ್ತು ದಾಟಿದ ಹೆಂಗಸನ್ನು ಹೆಸರು ಹಿಡಿದೇ ಕೂಗುತ್ತಾನೆ. 'ಮಿಸೆಸ್' ಅನ್ನುವ ಮರ್ಯಾದೆಯೆಲ್ಲ ಅವನ ಮನೆಯ ಹೆಂಗಸರಿಗೆ! ಅದಕ್ಕೇ ಅವ್ವ ಇಟ್ಟ ಹೆಸರನ್ನು ಆಕೆ ಚರ್ಚಿನವರಿಗಷ್ಟೇ ಬಿಟ್ಟುಕೊಟ್ಟಿದ್ದಳು.

೧೯೬೪ರ ವಸಂತದಲ್ಲಿ ಒಂದು ಮಧ್ಯಾಹ್ನ ಬಿಳಿಯನೊಬ್ಬನ ಮೇವಿನಂಗಡಿಗೆ ಬೆಂಕಿ ಬಿತ್ತು. ಪೊಲೀಸರು ನಮ್ಮವನೇ ಆದ ಎಲ್ಬರ್ಟನನ್ನು ಹಿಡಿದೊಯ್ದರು. ಬಿಳಿಯರ ಹಾಗೆ ನನ್ನನ್ನೂ ಮತದಾರರ ಪಟ್ಟಿಗೆ ಸೇರಿಸಿ ಎಂದು ಹೋಗಿ ನಿಂತಿದ್ದನಲ್ಲ, ಅವರಿಗೆ ಆ ಸಿಟ್ಟು. ಆ ಹೊತ್ತಿನಲ್ಲಿ ಅವನು ಮನೆಯಲ್ಲಿ ಹೆರಿಗೆ ನೋವು ತಿನ್ನುತ್ತಿದ್ದ ಹೆಂಡತಿ ಕೋರಾಳ ಕೈ ಹಿಡಿದು ಬೆವರುತ್ತಿದ್ದ. ಅದನ್ನು ಕಂಡ ಹೊರಗಿನವಳು ಸೂಲಗಿತ್ತಿಯೊಬ್ಬಳೇ.

ವಿಚಾರಣೆಯ ದಿನ ಬಂದರೂ ಆವತ್ತು ಹುಟ್ಟಿದ ಹೆಣ್ಣು ಮಗುವಿಗೆ ಹೆಸರಿಟ್ಟಿರಲಿಲ್ಲ. "ಮಿಸ್ ಅಂತ್ಲೇ ಇಡ್ತೀವಮ್ಮ," ಅಂದಳು ಕೋರಾ. "ಆಗ ಬಿಳಿಯರೂ ಮಿಸ್ ಅಂತ್ಲೇ ಕರೀಬೇಕು. ಕರೀದೆ ಎಲ್ಲಿಗೆ ಹೋಗ್ತಾರೆ?" ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಡಿದ ಉಪಾಯವೇ ಅದು.

ಕೋರ್ಟಿನಲ್ಲಿ ಪ್ರಮಾಣ ಮಾಡುವಾಗ ಹ್ಯಾಡ್ನೆಟ್ ಅಮ್ಮ ಪೂರ್ತಿ ಹೆಸರು ಹೇಳಲೇಬೇಕಾಯಿತು. ಸರ್ಕಾರಿ ವಕೀಲನ ಮುಖ ಅರಳಿತು.

"ಓಹೋ, ಲುವೀನಿಯಾ! ಇಷ್ಟು ಚಂದದ ಹೆಸರನ್ನ ಬಚ್ಚಿಟ್ಕೊಂಡಿದ್ಯಲ್ಲೇ! ಹೇಳು ಲುವೀನಿಯಾ, ಆವತ್ತು ಎಲ್ಲಿದ್ದೆ?"

ಆಕೆ ತುಟಿ ಬಿಚ್ಚಲಿಲ್ಲ.

"ಬಾಯಿ ಬಿಡು," ಎಂದರು ನ್ಯಾಯಾಧೀಶರು. "ಇಲ್ಲಾಂದ್ರೆ ಜೈಲು. ನಿನ್ನ ಸಾಕ್ಷೀನೂ ಹೊಡೆದುಹಾಕ್ತೀನಿ."

ಎಲ್ಬರ್ಟ್ ತಲೆಯೆತ್ತಿ ನೋಡಿದ. ಹಾಳಾಗಿ ಹೋಗಲಿ ನನ್ನ ಮರ್ಯಾದೆ, ಇವನು ಮನೆಗೆ ಹೋಗಲಿ ಎಂದುಕೊಂಡು ಬಾಯಿ ತೆರೆದೇಬಿಟ್ಟಿದ್ದಳು. ಅಷ್ಟರಲ್ಲಿ ಎಲ್ಬರ್ಟನ ವಕೀಲ ಬ್ರೂಟನ್ ಎದ್ದು ನಿಂತ.

"ಸ್ವಾಮಿ, ಇದೇ ರಾಜ್ಯದ ಕೋರ್ಟಲ್ಲಿ ನಮ್ಮ ಹುಡುಗಿಯೊಬ್ಬಳು, ಬರೀ ಹೆಸರು ಹಿಡಿದು ಕರೆದ್ರು ಅಂತ, ಹೀಗೇ ಉತ್ತರ ಕೊಡದೆ ಕೂತಿದ್ಲು. ಜೈಲಿಗೂ ಹಾಕಿದ್ರು. ಆ ಶಿಕ್ಷೇನ ಸುಪ್ರೀಂ ಕೋರ್ಟು ಮೊನ್ನೆ ಮೊನ್ನೆ ರದ್ದು ಮಾಡಿದೆ. ಬಿಳಿ ಸಾಕ್ಷಿಗೆ ಕೊಡೋ ಮರ್ಯಾದೆ ಇವರಿಗೂ ಕೊಡ್ಬೇಕು."

ನ್ಯಾಯಾಧೀಶರು ಬ್ರೂಟನ್ ಕೊಟ್ಟ ಆ ತೀರ್ಪಿನ ಕಾಗದ ಓದಿದರು, ಮತ್ತೊಮ್ಮೆ ಓದಿದರು. "ಸರಿಯಾಗಿ ಕೇಳ್ರೀ," ಎಂದರು ಸರ್ಕಾರಿ ವಕೀಲನಿಗೆ.

ಅವನು ಬಿಸಿ ಗೆಣಸು ನುಂಗಿದವನ ಹಾಗೆ ಅಂದ: "ಮಿಸೆಸ್ ಹ್ಯಾಡ್ನೆಟ್, ಆವತ್ತು... ಎಲ್ಲಿದ್ರಿ?"

"ಎಲ್ಬರ್ಟನ ಮನೇಲಿದ್ದೆ. ಅವನೂ ಅಲ್ಲೇ ಇದ್ದ. ನೀರು ಕಾಯಿಸೋಕೂ ಬರಲ್ಲ ಆ ದಡ್ಡನಿಗೆ, ಬೆಂಕಿ ಎಲ್ಲಿ ಹಚ್ತಾನೆ?"

ತೀರ್ಪು ಹೇಳಲು ಜ್ಯೂರಿಯಲ್ಲಿ ಕೂತಿದ್ದ ಬಿಳಿಯರಲ್ಲಿ ನಾಲ್ವರನ್ನು ಹುಟ್ಟಿದಾಗ ಎತ್ತಿಕೊಂಡಿದ್ದೇ ಆಕೆ. ಹೆರಿಗೆ ಮನೆಯ ವಿಷಯದಲ್ಲಿ ಆಕೆ ಸುಳ್ಳಾಡಳು ಎಂದು ಅವರಿಗೆ ಗೊತ್ತಿತ್ತು. ಎಲ್ಬರ್ಟ್ ಬಿಡುಗಡೆಯಾದ.

ಹೊರಗೆ ಮೆಟ್ಟಿಲ ಮೇಲೆ ಮಗುವನ್ನು ಎತ್ತಿಕೊಂಡು ಹ್ಯಾಡ್ನೆಟ್ ಅಮ್ಮ ಗಳಗಳನೆ ಅತ್ತುಬಿಟ್ಟಳು. "ಆ ಹುಡುಗಿ ಯಾರೋ, ಮುಖಾನೂ ನೋಡಿಲ್ಲ. ಜೈಲಿಗೆ ಹೋಗಿದ್ದು ಅವಳು, ಮರ್ಯಾದೆ ಸಿಕ್ಕಿದ್ದು ನಂಗೆ. ಅವಳ ಹೊಟ್ಟೆ ತಣ್ಣಗಿರ್ಲಿ!"

"ಈ ಮಿಸ್‌ಗೂ ಆಶೀರ್ವಾದ ಮಾಡಮ್ಮ," ಅಂದಳು ಕೋರಾ.

"ಥೂ, ಹುಚ್ಚಿ! ಮಿಸ್ ಅನ್ನೋದನ್ನ ಇನ್ಮೇಲೆ ಅವರೇ ಸೇರಿಸಿ ಕರೀಲಿ. ನೀನು ಹೆಸರಿಡು."

"ಯಾವ ಹೆಸರು?"

ಸರ್ಕಾರಿ ವಕೀಲ ಮೆಟ್ಟಿಲಿಳಿದು ಪಕ್ಕದಲ್ಲೇ ಹಾದುಹೋಗುತ್ತಿದ್ದ. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಆಕೆ ಅಂದಳು:

"ಲುವೀನಿಯಾ."