ತುದಿಗೆ ಸುಣ್ಣ ಹಚ್ಚಿದ ಕೋಲು

ನಮ್ಮ ಮನೆಯಲ್ಲಿ ಬೆಳಗಿನ ಕ್ರಮ ತಪ್ಪುವುದಿಲ್ಲ. ಸ್ನಾನ, ಚಹಾ, ಆಮೇಲೆ ಕಂಪ್ಯೂಟರಿನಲ್ಲಿ ಪತ್ರಿಕೆ. ನಾನು ಕುಷ್ಟಗಿಯಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಹೆಂಡತಿ ತಳಕಲ್ಲಿನಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಿದವಳು. ಈಗ ಕೊಪ್ಪಳದಲ್ಲಿದ್ದೇವೆ. ಅವಳು ಗಟ್ಟಿಯಾಗಿ ಓದುತ್ತಿದ್ದಳು, ನಾನು ಕೇಳುತ್ತಿದ್ದೆ.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಾಗ ಅವಳಿಗೆ ಮೊದಲು ಕಾಣದಾದದ್ದು ಮೌಸಿನ ಬಾಣ. "ಎಲ್ಲಿ ಹೋತ್ರೀ ಇದು?" ಎಂದು ಮೌಸನ್ನು ಮೇಜಿನ ತುಂಬ ಉಜ್ಜುತ್ತಿದ್ದಳು. ಗಂಗಾವತಿಯ ಡಾಕ್ಟರು, ಹೋದ ದೃಷ್ಟಿ ಮರಳುವುದಿಲ್ಲ, ಇದ್ದುದನ್ನು ಆದಷ್ಟು ಉಳಿಸೋಣ ಎಂದರು. ಬಸ್ಸಿನಲ್ಲಿ ಅವಳು ಆಡಿದ್ದು ಒಂದೇ ಮಾತು: "ಪೇಪರ್ ಮಾತ್ರ ನಾನ ಓದಾಕಿ. ನೀವು ಓದಿ ಹೇಳೂದು ಬ್ಯಾಡ."

ಬಾಣವನ್ನು ಕಪ್ಪು ಮಾಡಿದೆ. ಅದು ಕಪ್ಪು ಅಕ್ಷರಗಳಲ್ಲಿ ಬೆರೆತುಹೋಯಿತು. ಬ್ರೌಸರಿಗೆ ಒಂದು ಎಕ್ಸ್‌ಟೆನ್ಶನ್ ಸೇರಿಸಿದರೆ ಬಾಣದ ಬದಲು ಬೇಕಾದ ಚಿತ್ರ ಇಡಬಹುದೆಂದು ತಿಳಿಯಿತು. ಅದರಲ್ಲಿ ಹೂವು, ಬೆಕ್ಕು, ಕತ್ತಿ ಎಲ್ಲ ಇದ್ದವು.

"ಬೆಕ್ಕಿನ ಬೆನ್ನು ಹತ್ತಿ ಓದ್ಲೇನ್ರಿ? ನನ್ನ ಕೋಲು ಹಾಕ್ರಿ" ಎಂದಳು.

ಅದು ಅವಳು ಶಾಲೆಯಲ್ಲಿ ಅಕ್ಷರ ತೋರಿಸುತ್ತಿದ್ದ ತೊಗರಿ ಕಟ್ಟಿಗೆ. ಹಿಂದೆ ಕೂತ ಮಕ್ಕಳಿಗೂ ಕಾಣಲೆಂದು ತುದಿಯನ್ನು ಸುಣ್ಣದಲ್ಲಿ ಅದ್ದುತ್ತಿದ್ದಳು. ಕಪಾಟಿನ ಹಿಂದಿನಿಂದ ತೆಗೆದು, ಒರೆಸಿ, ತುದಿಗೆ ಹೊಸದಾಗಿ ಸುಣ್ಣ ಹಚ್ಚಿ ಫೋಟೊ ತೆಗೆದು ಬಾಣದ ಜಾಗದಲ್ಲಿ ಇಟ್ಟೆ. ಅವಳು ಒತ್ತಿದ ಸುದ್ದಿ ತೆರೆಯಲಿಲ್ಲ, ಮೇಲಿನದು ತೆರೆಯಿತು. ಮತ್ತೆ ಒತ್ತಿದಳು, ಮತ್ತೆ ಹಾಗೆಯೇ. ಬಿಳಿ ಪುಟದಲ್ಲಿ ಬಿಳಿ ತುದಿ ಕಾಣದೆ, ಅದರ ಕೆಳಗಿನ ಕಟ್ಟಿಗೆಯನ್ನೇ ತುದಿಯೆಂದು ತಿಳಿದು ಒತ್ತುತ್ತಿದ್ದಳು.

"ಹಲಗಿ ಕರೀದಿತ್ತು, ಇದು ಬಿಳೇದೈತಿ. ಹೆಡ್‌ಮಾಸ್ತರಿಗೆ ಇಷ್ಟೂ ತಿಳಿಯೂದಿಲ್ಲೇನ್ರಿ?"

ಭಾಳ ದಿನಗಳ ಮೇಲೆ ಇಬ್ಬರೂ ನಕ್ಕೆವು. ತುದಿಗೆ ಕುಂಕುಮ ಕಲಸಿ ಹಚ್ಚಿ ಮತ್ತೆ ಫೋಟೊ ತೆಗೆದೆ. ಸಾಲಿನ ಕೆಳಗೆ ಕೋಲು ಇಟ್ಟುಕೊಂಡು, ಮಕ್ಕಳಿಗೆ ಹೇಳಿಕೊಟ್ಟಂತೆ ಬಿಡಿಸಿ ಬಿಡಿಸಿ ಓದಿದಳು. ಪುಟ ಬಿಟ್ಟು ಮೇಲಿನ ಪಟ್ಟಿಗೆ ಹೋದರೆ ಮಾತ್ರ ಕೋಲು ಮಾಯವಾಗಿ ಹಳೆಯ ಸಣ್ಣ ಬಾಣ ಬರುತ್ತಿತ್ತು. ಆಗ ಅವಳ ಕೈ ನಿಂತುಬಿಡುತ್ತಿತ್ತು. ನಾನು ಬಾಣವನ್ನು ಕೆಳಗೆ ತಂದು ಕೊಡುತ್ತಿದ್ದೆ.

ಅಕ್ಷರ ದೊಡ್ಡದು ಮಾಡಿದೆ, ಕೋಲು ದೊಡ್ಡದು ಮಾಡಿದೆ. ಒಂದು ಅಳತೆಯ ಮೇಲೆ ಅದು ಬೆಳೆಯಲಿಲ್ಲ.

ಒಂದು ಬೆಳಗ್ಗೆ ಅವಳು ಓದು ನಿಲ್ಲಿಸಿದಳು. "ಕೋಲು ಕಾಣ್ತೈತ್ರಿ. ಅಕ್ಷರ ಕಾಣವಲ್ವು." ಮೌಸಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. "ನೀವ ಓದ್ರಿ."

ಅಷ್ಟು ದೊಡ್ಡ ಕೋಲು ನನಗೆ ಸಾಲನ್ನೇ ಮುಚ್ಚುತ್ತಿತ್ತು. ಹಳೆಯ ಬಾಣ ಹಾಕಲೇ ಎಂದು ಕೇಳಿದೆ.

"ಇರ್ಲಿ ಬಿಡ್ರಿ. ನೀವು ಯಾವ ಸಾಲಿನ್ಯಾಗ ಅದೀರಿ ನನಗ ಗೊತ್ತಾಗಬೇಕು."

ಸಾವಿನ ಸುದ್ದಿಗಳನ್ನು ನಾನು ಓದದೆ ದಾಟುತ್ತೇನೆಂದು ಅವಳಿಗೆ ಗೊತ್ತು. ದಾಟಿದ ಕೂಡಲೇ ಹಿಡಿಯುತ್ತಿದ್ದಳು: "ಕೋಲು ಜಿಗೀತು. ಯಾರು ಹೋಗ್ಯಾರ, ಹೇಳ್ರಿ." ನಾನು ಮೇಲೆ ಹೋಗಿ ಓದುತ್ತಿದ್ದೆ.

ಮೊನ್ನೆ ಯಲಬುರ್ಗಾ ರಸ್ತೆಯ ಅಪಘಾತದ ಸುದ್ದಿ ಬಂದಿತ್ತು. ಅದನ್ನು ಬಿಟ್ಟು ಕೆಳಗಿಳಿದೆ. ಅವಳು ಪರದೆಯ ಕಡೆಗೇ ಮುಖ ಮಾಡಿ ಕೂತಿದ್ದಳು. ಕಾದೆ. "ಕೋಲು ಜಿಗೀತು" ಅನ್ನಲಿಲ್ಲ.

ಕೋಲನ್ನು ಮತ್ತೆ ಮೇಲಕ್ಕೆ ಒಯ್ದು ಅದನ್ನೂ ಓದಿದೆ.