ಎಣ್ಣೆಕಲ್ಲಿನ ಭರಮವ್ವ

ಭರಮವ್ವನ ಬಾಯಿಗೆ ಅಂಜದವರು ಆ ಊರಲ್ಲಿ ಎರಡೇ: ಅವಳ ಗಾಣದ ಎತ್ತು ಮತ್ತು ಕೆರೆಯ ದಂಡೆಯ ಎಣ್ಣೆಕಲ್ಲು. ಎತ್ತಿಗೆ ರೂಢಿಯಾಗಿತ್ತು, ಕಲ್ಲಿಗೆ ಕಿವಿ ಇರಲಿಲ್ಲ. ಉಳಿದವರೆಲ್ಲ ಅವಳನ್ನು ಕಂಡರೆ ಹೊಳ್ಳಿ ಬೇರೆ ಓಣಿ ಹಿಡಿಯುತ್ತಿದ್ದರು. ಊರು ರಟ್ಟೀಹಳ್ಳಿಯಿಂದ ಹಿರೇಕೆರೂರಿಗೆ ಹೋಗುವ ದಾರಿಯ ಮಗ್ಗುಲಲ್ಲಿತ್ತು. ಅದರ ಹೆಸರು ಬೇಡ. ಗೌಡರ ಮನೆತನ ಇನ್ನೂ ಅಲ್ಲೇ ಇದೆ, ಆ ಮನೆಯವರಿಗೆ ಸಿಟ್ಟು ಬೇಗ ಬರುತ್ತದೆ.

ಭರಮವ್ವ ಗಾಣಿಗರಾಕೆ. ಹುಲಗೂರಿನ ಕಡೆಯಿಂದ ಹನ್ನೊಂದನೆಯ ವರ್ಷಕ್ಕೆ ಮದುವೆಯಾಗಿ ಬಂದು, ಇಪ್ಪತ್ತೇಳಕ್ಕೆ ಗಂಡನನ್ನು ಕಳೆದುಕೊಂಡವಳು. ಗಂಡ ಹೋಗಿ ತಿಂಗಳಾಗಿರಲಿಲ್ಲ, ಮೈದುನ ಬಂದು, ಹೆಣ್ಣುಮಗಳು ಗಾಣ ಹೊಡೆದರೆ ಮನೆತನದ ಮರ್ಯಾದೆ ಏನಾಗಬೇಕು ಎಂದ. "ಮರ್ಯಾದಿ ನೀ ಇಟ್ಕೊ, ಗಾಣ ನಾ ಇಟ್ಕೋತೇನಿ," ಎಂದು ಅವಳು ಎತ್ತು ಹೂಡಿದಳು. ಕುಸುಬಿ ಎಣ್ಣೆ ಬೇಕಾದವರು ಅವಳಿಂದ ಬೈಸಿಕೊಂಡೇ ಒಯ್ಯುತ್ತಿದ್ದರು, ಯಾಕೆಂದರೆ ಅವಳ ಎಣ್ಣೆಯಲ್ಲಿ ಬೆರಕೆ ಇರುತ್ತಿರಲಿಲ್ಲ. ಬೆರಕೆ ಇಲ್ಲದ ಬೇರೆ ಯಾವುದೂ ಆ ಊರಲ್ಲಿ ಸಿಗುತ್ತಿರಲಿಲ್ಲ.

ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಶಿವಬಸವ್ವ ಅವಳ ಕೈಗೆ ಒಂದು ಸಣ್ಣ ಹಿತ್ತಾಳೆಯ ಅಳತೆ ಪಾತ್ರೆ ಕೊಟ್ಟಿದ್ದಳು. ಆ ಮನೆಯಲ್ಲಿ ಅದಕ್ಕೆ ಸೊಲಗಿ ಎನ್ನುತ್ತಿದ್ದರು. ಪ್ರತಿಯೊಂದು ಗಾಣದ ಮೊದಲ ಸೊಲಗಿ ಎಣ್ಣೆಯನ್ನು ಕೆರೆಯ ದಂಡೆಗೆ ಒಯ್ದು ಪಾಳುಗುಡಿಯ ಮುಂದಿನ ಕಲ್ಲಿನ ಮೇಲೆ ಸುರಿಯಬೇಕು, ಆಮೇಲೆಯೇ ಮಾರಾಟ.

"ಯಾಕ ಅತ್ತಿ?"

"ನಮ್ಮತ್ತಿ ಹಾಕ್ತಿದ್ಲು."

ಇದಕ್ಕಿಂತ ದಡ್ಡ ಉತ್ತರವನ್ನು ಭರಮವ್ವ ಅದುವರೆಗೆ ಕೇಳಿರಲಿಲ್ಲ. ಆದರೂ ಮೂವತ್ತೈದು ವರ್ಷ ಒಂದು ಸೊಲಗಿಯನ್ನೂ ತಪ್ಪಿಸಲಿಲ್ಲ. ಸುರಿಯುವಾಗ ಕಲ್ಲಿಗೆ ಬೈಯುತ್ತಿದ್ದಳು. "ಕುಡಿ, ಕುಡಿ. ನಿನಗೇನು ಹೊಲ ಐತಿ, ಮನಿ ಐತಿ? ನಾ ದುಡೀತೇನಿ, ನೀ ಕುಂತು ಕುಡಿ." ಒಂದೂವರೆ ಆಳುದ್ದದ ಚಪ್ಪಟೆ ಕಲ್ಲು ಅದು, ಯಾವ ಕಾಲದಲ್ಲೋ ಬಿದ್ದು ಅಂಗಾತ ಮಲಗಿತ್ತು. ಎಣ್ಣೆ, ಧೂಳು, ಮತ್ತೆ ಎಣ್ಣೆ, ಹೀಗೆ ಪದರಗಟ್ಟಿ ರೊಟ್ಟಿಯ ದಪ್ಪದ ಕರಿಯ ಜಿಡ್ಡು ಅದರ ಮೈಗೆ ಅಂಟಿತ್ತು. ಹಿಂದಿನ ಗುಡಿಯಲ್ಲಿ ಲಿಂಗ ಒಂದಿತ್ತು. ಅದರ ಜೊತೆಗೆ ಬಾವಲಿಗಳು ಮತ್ತು ಮಹಾಲಿಂಗಪ್ಪಗೌಡರ ಕರುಗಳು ಇದ್ದವು.

ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲದಲ್ಲಿ ಧಾರವಾಡದಿಂದ ಒಂದು ತಂಡ ಬಂತು. ನಮ್ಮ ನಾಡಿನಲ್ಲಿ ಯಾರೂ ಕಾಣದ ಸ್ಥಳಗಳನ್ನು ಕಾಣುವುದು ಅವರ ಸಂಕಲ್ಪವಂತೆ. ಯಾರೂ ಕಾಣದ ಎಂದರೆ ಅವರು ಕಾಣದ ಎಂದರ್ಥ. ಅಲ್ಲೇ ಹುಟ್ಟಿ ಅಲ್ಲೇ ಸಾಯುವವರ ಕಣ್ಣು ಲೆಕ್ಕಕ್ಕಿಲ್ಲ. ಸವಣೂರಿನಲ್ಲಿ ದೊಡ್ಡಹುಣಸೆಯ ಮರಗಳನ್ನು ಕೈಕೈ ಹಿಡಿದು ಅಪ್ಪಿ ಅಳೆದಿದ್ದರು, ಹಾನಗಲ್ಲಿನ ಗುಡಿಯ ಚಾವಣಿಯ ಕಮಲ ನೋಡಿ ಕುತ್ತಿಗೆ ಹಿಡಿಸಿಕೊಂಡಿದ್ದರು, ಆಡೂರಿನಲ್ಲಿ ಮಜ್ಜಿಗೆ ಕುಡಿದಿದ್ದರು, ರಟ್ಟೀಹಳ್ಳಿಯ ಕದಂಬೇಶ್ವರನಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅವರ ಮುಖಂಡ ಪರಮೇಶಪ್ಪ ಮಾಸ್ತರರು ಹಳೆಯ ಕಲ್ಲುಬರಹ ಓದುವುದರಲ್ಲಿ ಹೆಸರಾದವರು.

ಅವರು ಗುಡಿಯ ಹತ್ತಿರ ಬಂದಾಗ ಭರಮವ್ವ ಕಲ್ಲಿಗೆ ಎಣ್ಣೆ ಸುರಿಯುತ್ತಿದ್ದಳು. ಮಾಸ್ತರರು ಧೋತರದ ಅಂಚನ್ನು ಮೊಣಕಾಲಿಗೆ ಎತ್ತಿ ಹಿಡಿದರು.

"ಏನವ್ವಾ ಇದು, ಇಷ್ಟು ಹೊಲಸು?"

"ಎಣ್ಣಿರಿ."

"ಕಲ್ಲಿಗೆ ಯಾಕ ಹಾಕ್ತಿ?"

"ನಮ್ಮತ್ತಿ ಹಾಕ್ತಿದ್ಲು."

ಮಾಸ್ತರರು ತಮ್ಮವರ ಕಡೆ ತಿರುಗಿ, ನೋಡಿದಿರಾ ನಮ್ಮ ಜನರ ಅಜ್ಞಾನ ಎಂದು ನಕ್ಕರು. ಗುಡಿಯ ಗೋಡೆಯ ಮೇಲಿನ ಆನೆಗಳನ್ನು ಎಣಿಸಿದರು. ಇಪ್ಪತ್ತೆರಡು ಆದವು. ಚಪಾತಿ ತಿಂದು ಕೈ ತೊಳೆದು ಹೋದರು. ಆ ಊರಿನ ಗುಡಿಯಲ್ಲಿ ಓದುವಂಥದ್ದು ಒಂದೇ ಒಂದು ಇತ್ತು, ಅದನ್ನು ಓದಬಲ್ಲ ಪಂಡಿತ ಧೋತರ ಎತ್ತಿಕೊಂಡು ಅದನ್ನು ಸುತ್ತುಹಾಕಿ ನಡೆದುಹೋದ. ಅಜ್ಞಾನ ಯಾರದು ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಮಾಸ್ತರರು ಒಂದು ವಾರಪತ್ರಿಕೆಯಲ್ಲಿ ಆನೆಗಳ ಬಗ್ಗೆ ಬರೆದರು. ಅದನ್ನು ಓದಿದ ಪ್ರಾಂತ ಸಾಹೇಬರಿಗೆ, ಅಂದರೆ ಆ ಭಾಗದ ದೊಡ್ಡ ಸರಕಾರಿ ಅಧಿಕಾರಿಗೆ, ಆನೆ ನೋಡುವ ಮನಸ್ಸಾಯಿತು. ಮಾಸ್ತರರನ್ನೇ ಜೊತೆಗೆ ಕರೆದುಕೊಂಡು ಮೋಟಾರಿನಲ್ಲಿ ಬರುವುದಾಗಿ ಊರಿಗೆ ಹೇಳಿಕಳಿಸಿದರು. ಮಹಾಲಿಂಗಪ್ಪಗೌಡರು ಅವತ್ತೇ ಗುಡಿಯಿಂದ ಕರುಗಳನ್ನು ಬಿಚ್ಚಿಸಿದರು. ಅಲ್ಲಿಂದ ಮುಂದೆ ಅದು "ನಮ್ಮ ಗುಡಿ" ಆಯಿತು.

ಒಂದೇ ತೊಡಕು. ದಾರಿಗೂ ಗುಡಿಗೂ ನಡುವೆ ಕೆರೆಯ ಕಾಲುವೆ ಅಡ್ಡ ಇತ್ತು, ಅದನ್ನು ಮೋಟಾರು ದಾಟುವಂತಿರಲಿಲ್ಲ. ಗೌಡರು ಎಣ್ಣೆಕಲ್ಲನ್ನು ನೋಡಿದರು. ಉದ್ದಕ್ಕೆ ಸೀಳಿ ಎರಡು ಮಾಡಿ ಕಾಲುವೆಗೆ ಅಡ್ಡ ಹಾಕಿದರೆ ಒಂದೊಂದು ಮಗ್ಗುಲಿನ ಗಾಲಿಗೆ ಒಂದೊಂದು ಆಗುತ್ತದೆ. ಗಾಲಿ ಜಾರಬಾರದಲ್ಲ, ಹಾಗಾಗಿ ಮೊದಲು ಮೇಲೆ ಹುಲ್ಲು ಒಟ್ಟಿ ಬೆಂಕಿ ಹಚ್ಚಿ ಜಿಡ್ಡು ಸುಡಬೇಕು. ಗುಡಿ ನೋಡಲು ಬರುವವರಿಗೆ ದಾರಿ ಮಾಡಲು ಗುಡಿಯ ಕಲ್ಲನ್ನೇ ಸೀಳುವ ಬುದ್ಧಿ ಎಲ್ಲರಿಗೂ ಬರುವುದಿಲ್ಲ, ಅದಕ್ಕೆ ಗೌಡಕಿ ಬೇಕು.

ಹುಲ್ಲಿನ ಹೊರೆ ಇಳಿಯುವ ಹೊತ್ತಿಗೆ ಭರಮವ್ವ ಬಂದಳು.

"ಏನು ನಡಸೀರಿ ಗೌಡ್ರ?"

"ನಿನಗ್ಯಾಕ ಬೇಕು? ಕಲ್ಲು ನಿಂದೇನು?"

"ನಂದಲ್ರಿ. ನಿಮ್ದೂ ಅಲ್ಲ."

"ಸಾಹೇಬ್ರು ಬರಾಕತ್ತಾರ. ಊರಿನ ಹೆಸರಿನ ಮಾತು ಐತಿ. ನಾಳಿಗೆ ಇದನ್ನ ಸೀಳಸ್ತೇನಿ."

ಮೂವತ್ತೈದು ವರ್ಷ ಬೈದ ಕಲ್ಲು ಅದು. ಅದು ಹೋದರೆ ತನಗೆ ಸೊಲಗಿ ಎಣ್ಣೆ ಉಳಿಯುತ್ತದೆ, ಕೆರೆಯ ತನಕ ನಡೆಯುವುದು ತಪ್ಪುತ್ತದೆ. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತಲೇ ಅವಳು ಹುಲ್ಲಿನ ಹೊರೆಯನ್ನು ಕಾಲಿಂದ ಒತ್ತಿ ದೂರ ಸರಿಸಿದಳು. ಗಂಡ ಸತ್ತಾಗ ಅಳದವಳಿಗೆ ಒಂದು ಕಲ್ಲಿಗಾಗಿ ಅಳು ಬರುವಂತಾಯಿತು, ಅದರಿಂದ ಸಿಟ್ಟು ಇನ್ನಷ್ಟು ಏರಿತು.

"ಬೆಂಕಿ ಹಚ್ಚಬ್ಯಾಡ್ರಿ. ಹಾಕಿದ ಕೈ ನಂದು, ತೆಗ್ಯೋ ಕೈನೂ ನಂದ ಇರ್ಲಿ. ಸಾಹೇಬ್ರು ಬರಾಕ ಇನ್ನಾ ನಾಕು ದಿನ ಐತಿ. ಮೂರು ದಿನ ನನಗ ಬಿಡ್ರಿ."

ಪುಕ್ಕಟೆ ಆಳು ಸಿಕ್ಕಿತೆಂದು ಗೌಡರು ಒಪ್ಪಿದರು.

ಮೂರು ದಿನ ಗಾಣ ನಿಂತಿತು. ಭರಮವ್ವ ಕೆರೆಯ ದಂಡೆಯಲ್ಲೇ ಒಲೆ ಹೂಡಿ ನೀರು ಕುದಿಸಿದಳು, ಬೂದಿ ಕಲಸಿ ಹಚ್ಚಿದಳು, ಮರದ ಚಕ್ಕೆಯಿಂದ ಕೆರೆದಳು, ತೆಂಗಿನ ನಾರಿನಿಂದ ಉಜ್ಜಿದಳು. ಹೆಣಕ್ಕೆ ಕಡೆಯ ನೀರು ಹಾಕುವವಳ ಹಾಗೆ ಮಾತಿಲ್ಲದೆ ಮಾಡಿದಳು. ಮೊದಲು ತನ್ನ ಎಣ್ಣೆ ಎದ್ದಿತು, ಆಮೇಲೆ ಅತ್ತೆಯದು, ಅದರ ಕೆಳಗೆ ಹೆಸರು ಗೊತ್ತಿಲ್ಲದವರದು. ಮೂರನೆಯ ದಿನ ಅವಳ ಬೆರಳಿಗೆ ಸಾಲುಸಾಲಾಗಿ ತಗ್ಗು ತಗುಲಿತು. ಓದು ಬಾರದಿದ್ದರೂ ಅದು ಅಕ್ಷರ ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಹಾಗೇ ಒದ್ದೆ ಕೈಯಲ್ಲಿ ಗೌಡರ ಮನೆಗೆ ಹೋದಳು.

"ಗೌಡ್ರ, ಕಲ್ಲಿನ ಮ್ಯಾಲ ಏನೋ ಬರದೈತ್ರಿ. ಸೀಳಬ್ಯಾಡ್ರಿ. ಓದು ಬಂದವ್ರು ಯಾರರ ನೋಡ್ಲಿ."

ಗೌಡರು ಜಗಲಿಯಿಂದ ಏಳಲೂ ಇಲ್ಲ. "ಬರದಿದ್ರ ಬರದಿರಲಿ. ಬರದ ಮಗ್ಗಲ ಕೆಳಗ ಹಾಕಿದ್ರಾತು," ಎಂದರು.

ಮರುದಿನ ಬೆಳಗಾಗುತ್ತಲೇ ಉಳಿ, ಸುತ್ತಿಗೆ ಹಿಡಿದ ಆಳುಗಳು ಬಂದರೆ, ಭರಮವ್ವ ಕಲ್ಲಿನ ನಟ್ಟನಡುವೆ ಕುಳಿತಿದ್ದಳು. ಪಕ್ಕದಲ್ಲಿ ಸೊಲಗಿ ತುಂಬ ಎಣ್ಣೆ ಇತ್ತು. ಸೀಳುವುದೇ ಆದರೆ ಕಡೆಯದೊಂದು ಸೊಲಗಿ ಹಾಕಿಯೇ ಏಳುವುದೆಂದು ತಂದಿದ್ದಳು. ಆಳುಗಳು ಎಬ್ಬಿಸಲು ಹೋಗಿ ಬೈಸಿಕೊಂಡು ಹಿಂದೆ ಸರಿದರು. ಗೌಡರು ಬಂದು ಗದರಿಸಿದರು, ಆಮೇಲೆ ಕೈ ಮುಗಿದರು. ಅಷ್ಟರಲ್ಲಿ ಮೋಟಾರು ಬಂದೇಬಿಟ್ಟಿತು. ಕಾಲುವೆಯ ಆಚೆ ನಿಂತು ಎರಡು ಸಲ ಹಾರ್ನ್ ಹೊಡೆಯಿತು. ದಾರಿ ಇಲ್ಲವೆಂದು ಕಂಡು ಸಾಹೇಬರು ಇಳಿದರು, ಕಾಲುವೆಯನ್ನು ಒಂದೇ ಹೆಜ್ಜೆಗೆ ದಾಟಿ ಬಂದರು. ಇಷ್ಟಕ್ಕಾಗಿ ಕಲ್ಲು ಸೀಳುವುದಿತ್ತು.

ಹಿಂದೆ ಬಂದ ಮಾಸ್ತರರ ಕಣ್ಣು ಭರಮವ್ವನ ಕಾಲ ಕೆಳಗೆ ಹೋಯಿತು. ಅಲ್ಲೇ ನಿಂತುಬಿಟ್ಟರು.

"ಅವ್ವಾ, ಸ್ವಲ್ಪ ಕಾಲು ಎತ್ರಿ."

"ಹೋದ ಸರ್ತಿ ನೀವು ಧೋತರ ಎತ್ತಿದ್ರಿ, ಈ ಸರ್ತಿ ನಾ ಕಾಲು ಎತ್ತಬೇಕೇನ್ರಿ?" ಎಂದಳು. ಆದರೂ ಸೊಲಗಿ ಎತ್ತಿಕೊಂಡು ಎದ್ದು ಬದಿಗೆ ನಿಂತಳು.

ಮಾಸ್ತರರು ಅದೇ ಧೋತರದಲ್ಲಿ ಒದ್ದೆ ಕಲ್ಲಿನ ಮೇಲೆ ಮೊಣಕಾಲೂರಿ ಕುಳಿತರು. ಬೆರಳಿಟ್ಟು ಸಾಲು ಸಾಲಾಗಿ ಓದಿ, ಎಲ್ಲರಿಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಎಂಟುನೂರು ವರ್ಷದ ಬರಹ. ಈ ಗುಡಿಯ ದೇವರ ನಂದಾದೀಪಕ್ಕೆ ಊರಿನ ಗಾಣಿಗರು ಗಾಣಕ್ಕೊಂದು ಸೊಲ್ಲಗೆ ಎಣ್ಣೆ ಕೊಡಬೇಕು, ಸೂರ್ಯಚಂದ್ರರಿರುವ ತನಕ.

ಸೊಲ್ಲಗೆ ಎಂದರೇನೆಂದು ಸಾಹೇಬರು ಕೇಳಿದರು. ಭರಮವ್ವ ಕೈಯಲ್ಲಿದ್ದ ಹಿತ್ತಾಳೆಯ ಪಾತ್ರೆಯನ್ನು ಎತ್ತಿ ತೋರಿಸಿದಳು. ಮಾಸ್ತರರು ಅದನ್ನು ನೋಡಿದರು, ಅವಳನ್ನು ನೋಡಿದರು, ತಲೆ ತಗ್ಗಿಸಿದರು. ನಮ್ಮ ಜನರ ಅಜ್ಞಾನದ ಮಾತು ಈ ಸಲ ಅವರ ಬಾಯಿಂದ ಬರಲಿಲ್ಲ.

ಸಾಹೇಬರು ಗೌಡರ ಬೆನ್ನು ತಟ್ಟಿ, ಈ ಕಲ್ಲನ್ನು ಜೋಪಾನ ಮಾಡಿ ನಿಲ್ಲಿಸಿರಿ, ಇದಕ್ಕೆ ಏನಾದರೂ ಆದರೆ ನಿಮ್ಮನ್ನೇ ಕೇಳುತ್ತೇನೆ ಎಂದರು. ಗೌಡರು ಉಬ್ಬಿಹೋದರು. ಆಳುಗಳಿಗೆ ಕಣ್ಣು ಮಾಡಿ ಉಳಿ, ಸುತ್ತಿಗೆ ಮರೆ ಮಾಡಿಸಿದರು. "ನಮ್ಮ ಹಿರ್ಯಾರು ಮೊದಲಿಂದ್ಲೂ ಇದನ್ನ ಕಾಯ್ಕೊಂಡು ಬಂದಾರ್ರಿ ಸಾಹೇಬ್ರ," ಎಂದರು, ನಾಚಿಕೆ ಇಲ್ಲದೆ.

"ಇನ್ನಾ ಎರಡು ಸಾಲು ಅದಾವ," ಎಂದರು ಮಾಸ್ತರರು. "ಆ ದೀಪಕ್ಕ ಬತ್ತಿ ಕೊಡೋದು, ದೀಪ ಆರದಂಗ ನೋಡ್ಕೊಳ್ಳೋದು ಊರಗೌಡನ ಮನಿತನದ್ದು. ತಪ್ಪಿದವ್ರಿಗೆ ಕಾಶಿಯೊಳಗ ಸಾವಿರ ಆಕಳ ಕೊಂದ ಪಾಪ."

ಭರಮವ್ವನಿಗೆ ಒಮ್ಮೆಲೇ ಎಲ್ಲ ತಿಳಿಯಿತು. ಯಾವ ಕಾಲದಲ್ಲೋ ತನ್ನಂಥವಳೇ ಒಬ್ಬಳು ಸೊಲಗಿ ಹಿಡಿದು ಬಂದಿದ್ದಾಳೆ. ದೀಪಕ್ಕೆ ಬತ್ತಿ ಇರಲಿಲ್ಲ. ದೇವರಿಗೆಂದು ತಂದ ಎಣ್ಣೆಯನ್ನು ಮನೆಗೆ ಹೊಳ್ಳಿ ಒಯ್ಯಲು ಮನಸ್ಸು ಬಾರದೆ ಈ ಕಲ್ಲಿನ ಮೇಲೆ ಸುರಿದು ಹೋಗಿದ್ದಾಳೆ. ಮರುದಿನವೂ ಬತ್ತಿ ಇರಲಿಲ್ಲ. ಆಮೇಲೆ ಸೊಸೆ ಕಾರಣ ಕೇಳಿದಾಗ, ಗೌಡರ ತಪ್ಪು ಎತ್ತಿ ಆಡುವುದು ಯಾಕೆಂದು, ಹಾಕು ಎಂದಷ್ಟೇ ಹೇಳಿದ್ದಾಳೆ. ಇಷ್ಟು ತಲೆಮಾರು ಹೆಂಗಸರು ದೀಪದ ಎಣ್ಣೆಯನ್ನು ದೀಪದ ಕರಾರಿನ ಮೇಲೆ ಸುರಿದು ಮುಚ್ಚಿದ್ದಾರೆ. ಅತ್ತೆಯ ಮೇಲೆ ಮೂವತ್ತೈದು ವರ್ಷ ಇಟ್ಟುಕೊಂಡಿದ್ದ ತಾತ್ಸಾರಕ್ಕೆ ಅವಳಿಗೆ ಆಗ ನಾಚಿಕೆಯಾಯಿತು.

ಅವಳು ಸೊಲಗಿಯನ್ನು ಎರಡೂ ಕೈಯಲ್ಲಿ ಹಿಡಿದು ಗೌಡರ ಎದುರು ಬಂದು ನಿಂತಳು.

"ಎಣ್ಣಿ ತಂದೇನ್ರಿ ಗೌಡ್ರ. ಬತ್ತಿ ಎಲ್ಲೈತ್ರಿ?"

ಗೌಡರು ಸಾಹೇಬರನ್ನು ನೋಡಿದರು. ಸಾಹೇಬರು ಗೌಡರನ್ನೇ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಗೌಡರ ಕೈ ತಲೆಗೆ ಹೋಯಿತು. ರುಮಾಲಿನ ತುದಿ ಬಿಚ್ಚಿ, ಗೇಣುದ್ದದ ಚಿಂದಿ ಹರಿದರು. ಅದನ್ನು ಅಂಗೈಯಲ್ಲಿಟ್ಟು ತಿಕ್ಕಿದರು, ಉಗುಳು ಹಚ್ಚಲು ಹೋಗಿ ಬಿಟ್ಟರು, ಮತ್ತೆ ತಿಕ್ಕಿದರು. ಬತ್ತಿ ಹೊಸೆಯಲು ಅವರಿಗೆ ಬರಲಿಲ್ಲ. ಅದನ್ನೂ ಭರಮವ್ವನೇ ಇಸಿದುಕೊಂಡು ಹೊಸೆದಳು.